ತಣ್ಣೀರಿನ ಮೀನು

ತಣ್ಣೀರಿನ ಮೀನಿಲ್ಲದ ತೊರೆಯನ್ನು ಸತ್ತದ್ದೆಂದು ಸಾರಿ, ಕಾರ್ಖಾನೆಗಳ ಕೊಳಚೆಗೆ ಬಿಟ್ಟುಕೊಡುತ್ತಿದ್ದ ಕಾಲ ಅದು. ಸರ್ಕಾರದ ಪರವಾಗಿ ಮೀನು ಪರೀಕ್ಷಿಸುವ ದೇಚಮ್ಮ ತನ್ನ ತವರಿನ ತೊರೆಗೇ ಬಲೆ ಬೀಸಬೇಕಾಗಿ ಬಂತು. ಸಿಕ್ಕಿದ್ದೆಲ್ಲ ಬಿಸಿನೀರಲ್ಲೂ ಬದುಕುವ ಜಿಲೇಬಿ ಮೀನುಗಳೇ.

ಅತ್ತಿಗೆ ಕಾವೇರಮ್ಮ ಬಕೆಟ್ಟು ತಂದಿಟ್ಟಳು. ಮಂಜುಗಡ್ಡೆಗಳ ನಡುವೆ ತೊರೆಯ ಹಳೇ ತಣ್ಣೀರಿನ ಜಾತಿಯ ಮೀನೊಂದು ಈಜುತ್ತಿತ್ತು. "ಮಗು ಥರ ಸಾಕಿದ್ದೀನಿ ದೇಚೂ. ನೀರಿಗೆ ಬಿಡ್ತೀನಿ, ಕಂಡೆ ಅಂತ ಹೇಳು. ಸುಳ್ಳೇನೂ ಆಗಲ್ಲ."

ದೇಚಮ್ಮ ಕರಗಿ ಹೂಂ ಎಂದಳು. ಮೀನು ಬೆಚ್ಚಗಾಗಿದ್ದ ತೊರೆಯಲ್ಲಿ ಒಂದು ಸುತ್ತು ಹೊಡೆದು, ಬಾಯಿಬಾಯಿ ಬಿಟ್ಟು, ಹೊಟ್ಟೆ ಮೇಲಾಗಿ ತೇಲಿತು.

"ಈಗಲೂ ಕಂಡೆ ಅನ್ನಬಹುದಲ್ಲ?"

"ಸತ್ತಿದ್ದನ್ನೂ ಕಂಡೆನಲ್ಲ, ಅತ್ತಿಗೆ."

ಅಳುತ್ತಲೇ ದೇಚಮ್ಮ ದಂಡೆಯಲ್ಲಿ ಸತ್ತ ತೊರೆಯ ಕಪ್ಪು ಬಾವುಟ ನೆಟ್ಟಳು. ತವರಿನ ಬಾಗಿಲು ಮತ್ತೆಂದೂ ಅವಳಿಗೆ ತೆರೆಯಲಿಲ್ಲ.