ಸಾಗವಾನಿ ತೊಲೆ

ಹಂಚಿನ ಮೇಲೆ ರೊಟ್ಟಿ ಇನ್ನೂ ಬೇಯುತ್ತಿತ್ತು. ಸೋಮವ್ವ ಒಲೆಯೊಳಗಿನ ಕಟ್ಟಿಗೆಗಳನ್ನೆಲ್ಲ ಹೊರಗೆಳೆದು, ಅಂಗಳಕ್ಕೆ ಒಯ್ದು ನೀರು ಸುರಿದಳು. ಉಣ್ಣಲು ಕೂತಿದ್ದ ಗಂಡ ಅಂದಾನೆಪ್ಪ ಗಂಗಾಳ ಸರಿಸಿ ಎದ್ದ.

"ಹುಚ್ಚ ಹಿಡದೈತೇನ ನಿನಗ? ಉರಿಯೂ ಒಲಿ ಆರಸ್ತಾರೇನ?"

"ತೊಲಿ ಮ್ಯಾಲೆ ಕೈ ಇಟ್ಟ ನೋಡ್ರಿ. ಸುಡಾಕ ಹತ್ತೈತಿ."

"ಕಬ್ಬಿಣದ ಒಲಿ ಮಗ್ಗಲದಾಗ ಇದ್ದದ್ದು ತಣ್ಣಗ ಇರತೈತೇನ? ಅವ್ವಗ ಆರಾಮ ಆತಲ್ಲ, ಅದು ನಿನಗ ಸೇರವಲ್ದು."

ಆ ಮಾತು ಸೋಮವ್ವನಿಗೆ ನಾಟಿತು. ಅವನು ತನ್ನ ತಾಯಿ ಸಿದ್ದಲಿಂಗವ್ವನಿಗಾಗಿಯೇ ಆ ಒಲೆಯನ್ನು ಬೆಳಗಾವಿಯಿಂದ ಬಸ್ಸಿನ ಮೇಲೆ ಹಾಕಿಕೊಂಡು ತಮ್ಮೂರು ಚಚಡಿಗೆ ತಂದಿದ್ದ. ಹೊಗೆ ಕುಡಿದು ಕುಡಿದು ಅವಳ ಎದೆ ಕೆಟ್ಟಿತ್ತು. ಹಳೆಯ ಗೋಡೆಯೊಲೆಯ ಗೂಡಿನಲ್ಲೇ ಕಬ್ಬಿಣದ ಒಲೆ ಕೂರಿಸಿ, ಅದರ ಕೊಳವೆಯನ್ನು ಹೊಗೆಗೂಡಿಗೆ ಏರಿಸಿದ ಮೇಲೆ ಮುದುಕಿ ಕೆಮ್ಮದೆ ನಿದ್ದೆ ಮಾಡತೊಡಗಿದ್ದಳು. ಆದರೆ ಕೊಳವೆ ಗೂಡಿನ ಮೇಲಿನ ತೊಲೆಗೆ ತಾಗುತ್ತಿತ್ತು. ತೊಲೆಯ ಆ ತುದಿ ಕೊಯ್ದು, ಆಧಾರಕ್ಕೆ ಇಟ್ಟಂಗಿಯ ಕಂಬ ಕೊಡೋಣವೆಂದು ಒಲೆ ಕೂರಿಸಲು ಬಂದ ಕಮ್ಮಾರ ಶಂಕ್ರೆಪ್ಪ ಹೇಳಿದಾಗ ಅಂದಾನೆಪ್ಪ ಒಪ್ಪಿರಲಿಲ್ಲ. ಅದು ತೀರಿಹೋದ ತಂದೆ ಖಾನಾಪುರದ ಅಡವಿಯಿಂದ ತರಿಸಿ, ಹೂಬಳ್ಳಿ ಕೆತ್ತಿಸಿದ ಸಾಗವಾನಿ. ಗರಗಸ ಹಚ್ಚಬೇಡ ಎಂದು ನಡುವೆ ಒಂದು ತಗಡು ತುರುಕಿಸಿದ್ದ.

ಗೋಡೆಗೆ ಆತು ಕೂತಿದ್ದ ಸಿದ್ದಲಿಂಗವ್ವ ಮೆಲ್ಲಗೆ ಎದ್ದು ಬಂದಳು. ತೊಲೆಯ ಮೇಲೆ ಅಂಗೈ ಇಟ್ಟವಳು ಥಟ್ಟನೆ ಹಿಂದೆಗೆದಳು.

"ಅಂದಾನಿ, ತಗಡ ತಗಿ."

"ಅವ್ವಾ, ತಗಡ ತಗದರ ಒಲಿನೂ ಬಿಚ್ಚಬೇಕಾಕ್ಕೈತಿ, ಮತ್ತ ನಿನಗ ಹೊಗಿ..."

"ತಗಿ ಅಂದೆ."

ಅವನು ಇಕ್ಕಳ ಹಾಕಿ ತಗಡು ಕಿತ್ತ. ಹಿಂದೆ ಹೂವೂ ಇರಲಿಲ್ಲ, ಬಳ್ಳಿಯೂ ಇರಲಿಲ್ಲ. ಬರೀ ಇದ್ದಿಲು. ಗಾಳಿ ತಾಗಿದ್ದೇ ತಡ, ಅದರೊಳಗೆ ಕೆಂಪನೆಯ ಕಿಡಿಯೊಂದು ಮೇಲಕ್ಕೆ ಹರಿಯಿತು. ಮೇಲೆ ಅಟ್ಟ, ಅಟ್ಟದ ತುಂಬ ಈ ಸಲದ ಹತ್ತಿ. ಸೋಮವ್ವ ಕೊಡವನ್ನೇ ಎತ್ತಿ ನೀರು ಚೆಲ್ಲಿದಳು. ಚುಂಯ್ ಎಂದು ಹಬೆ ಎದ್ದಿತು. ಅಂದಾನೆಪ್ಪ ಇಕ್ಕಳ ಕೆಳಗಿಟ್ಟು ಶಂಕ್ರೆಪ್ಪನನ್ನು ಕರೆಯಲು ಹೊರಟ.

ಇಳಿಹೊತ್ತಿಗೆ ಶಂಕ್ರೆಪ್ಪ ಬಂದು ತುದಿ ಕೊಯ್ದ. ಇಟ್ಟಂಗಿ ಕಟ್ಟಿ, ಕೊಳವೆಯ ಸುತ್ತ ಮರವೇ ಇರದಂತೆ ಮಾಡಿ ಹೋದ. ಮಣ್ಣು ಒಣಗಿದ ಮೇಲೆ ಸೋಮವ್ವ ಮತ್ತೆ ಒಲೆ ಹೊತ್ತಿಸಿದಾಗ, ಅಂದಾನೆಪ್ಪ ಕೊಯ್ದ ತುಂಡನ್ನು ಧೋತರದ ಅರಿವೆಯಲ್ಲಿ ಸುತ್ತುತ್ತಿದ್ದ. ಒಂದು ಮಗ್ಗುಲಲ್ಲಿ ಎರಡು ಎಲೆ, ಒಂದು ಮೊಗ್ಗು ಇನ್ನೂ ಉಳಿದಿದ್ದವು.

"ಎಲ್ಲಿಗಪಾ ಅದು?" ಎಂದಳು ತಾಯಿ.

"ದ್ಯಾವರ ಜಗಲಿ ಮ್ಯಾಲೆ ಇಡತೇನಿ. ಅಪ್ಪನ ನೆನಪು."

ಸಿದ್ದಲಿಂಗವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅರಿವೆ ಬಿಚ್ಚಿ, ಎಲೆ-ಮೊಗ್ಗಿನ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, ಉರಿಯುವ ಒಲೆಯೊಳಗೆ ನೂಕಿದಳು.

"ನಿಮ್ಮಪ್ಪ ಇದನ್ನ ತಂದದ್ದು ಮನಿ ನಿಲ್ಲಲಿ ಅಂತ," ಎಂದವಳು ಸೊಸೆಯ ಕಡೆ ತಿರುಗಿದಳು. "ಸೋಮವ್ವಾ, ಉರಿ ಚಲೋ ಐತಿ. ರೊಟ್ಟಿ ಬಡಿ."