ಬೊಬ್ಬೆ ಹೊಡೆಯುವ ಕಾರು

ಮೀನು ಮಾರುವ ಬಾಗಿ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿದ್ದೇ ತಡ, ಪಕ್ಕದಲ್ಲಿ ನಿಂತಿದ್ದ ಕಾರು ಕಿರುಚಿಕೊಂಡಿತು. ಕಾರಿನ ಒಡೆಯ ಗೋವರ್ಧನ ಗೇಟಿನೊಳಗಿನಿಂದಲೇ ರಿಮೋಟ್ ಒತ್ತಿದ. ಒಮ್ಮೆ ಒತ್ತಿದರೆ ಸದ್ದು ಅಡಗುತ್ತದೆ, ಕಾವಲು ಮಾತ್ರ ಹಾಗೆಯೇ ಇರುತ್ತದೆ.

"ಕಂಡ್ಯಾ ರತೀಶಾ? ಈ ವಾರ ದಿನಾ ಇದೇ ಕಥಿ. ಇವ್ಳ್ ಬುಟ್ಟಿ ತಾಗ್ಸುದ್, ಕಾರ್ ಬೊಬ್ಬೆ ಹೊಡುದ್" ಎಂದ, ಕಾರು ನೋಡಲು ಬಂದಿದ್ದ ಮೆಕ್ಯಾನಿಕ್ಕಿನತ್ತ ತಿರುಗಿ.

"ತಾಗ್ಸಲಿಲ್ಲ ಅಂತ ಎಷ್ಟ್ ಸಲ ಹೇಳ್ಕ್, ಗೋವರ್ಧನಣ್ಣ? ನಿಮ್ಮ್ ಕಾರಿಗ್ ಹುಶಾರಿಲ್ದಿದ್ರೆ ನಾನೆಂತ ಮಾಡುದ್?" ಬಾಗಿ ಗೋವರ್ಧನನ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಈ ಗೋಡೆ ಏಳುವ ಮೊದಲಿನಿಂದಲೂ ಅದು ಅವಳ ಜಾಗ. ಅದಕ್ಕೂ ಮೊದಲು ಅವಳ ಅತ್ತೆ ಸೀತುವಿನ ಜಾಗ. ಕುಂದಾಪುರದ ಈ ಕೇರಿಯಲ್ಲಿ ಬಿಸಿಲು ಏರಿದ ಮೇಲೂ ಮೀನು ಬಾಡದಷ್ಟು ನೆರಳು ಇದ್ದದ್ದು ಈ ಬಾದಾಮಿ ಮರದ ಕೆಳಗೆ ಮಾತ್ರ. ಈಗ ಆ ನೆರಳಿನಲ್ಲಿ ಮುಕ್ಕಾಲು ಭಾಗ ಕಾರಿನದಾಗಿತ್ತು.

ಅಲಾರಾಂ ಕೂಡಿಸಿದ್ದು ರತೀಶನೇ. ತಪ್ಪು ಎಲ್ಲಿದೆ ಎಂದು ಹುಡುಕುವಾಗ ಅವನು ಒಂದೊಂದೇ ಕಾರಣವನ್ನು ಬದಿಗೆ ಸರಿಸುತ್ತ ಹೋಗುವವನು. "ಬಾಗಿ ಅಕ್ಕ, ಬುಟ್ಟಿ ತಕಂಡ್ ಒಂಚೂರ್ ದೂರ ನಿಂತ್ಕಣಿ ಕಾಂಬ" ಎಂದ. ಅವಳು ರಸ್ತೆಯ ಆಚೆ ಬದಿಗೆ ಹೋಗಿ ನಿಂತಳು. ಕಾರಿನ ಸುತ್ತ ಯಾರೂ ಇರಲಿಲ್ಲ. ಮೀನಿನ ಆಸೆಗೆ ಬಂದ ಕಾಗೆಯೊಂದು ಕಾರಿನ ಮೇಲೆ ಕುಳಿತಿತು. ಕಾರು ಕಿರುಚಿತು.

"ಈಗ್ಳ್ ಕೂಕಂಡದ್ದೂ ನಾನೇಯಾ, ಗೋವರ್ಧನಣ್ಣ? ನಂಗ್ ರೆಕ್ಕಿ ಬಂದಿತಾ ಕಾಣಿ!"

ರತೀಶ ನಗು ತಡೆದುಕೊಂಡು, ಅಲಾರಾಂ ಆಫ್ ಮಾಡಿಸಿ, ಸ್ಟೇರಿಂಗಿನ ಅಡಿಗೆ ತಲೆ ತೂರಿಸಿದ. ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಅದರ ಮೇಲೊಂದು ಪುಟ್ಟ ಸ್ಕ್ರೂ. ಎಡಕ್ಕೆ ತಿರುಗಿಸಿದರೆ ಕಾರು ಗಟ್ಟಿ ಏಟಿಗೆ ಮಾತ್ರ ಕೂಗುತ್ತದೆ. ಬಲಕ್ಕೆ ಹೋದಂತೆ ಸಣ್ಣ ಅದುರಿಗೂ ಹೆದರುತ್ತದೆ. ಸ್ಕ್ರೂ ಬಲಕ್ಕೆ ಇನ್ನು ತಿರುಗದಷ್ಟು ತಿರುಗಿತ್ತು.

"ಗೋವರ್ಧನಣ್ಣ, ನಾನಿದನ್ನ ನಡುವಗ್ ಇಟ್ಟಿದ್ದೆ. ಕೊನಿ ತನ್ಕ ತಿರ್ಗ್ಸಿದ್ದ್ ಯಾರ್?"

ಗೋವರ್ಧನ ಕಾರಿನ ಬಾಗಿಲಿಗೆ ಬಗ್ಗಿದ. "ನಾನೇ. ಅವ್ಳ್ ಬಪ್ಪ ಹೊತ್ತಿಗ್ ಮಾತ್ರ ಲಾಕ್ ಮಾಡುದ್, ಬಾಕಿ ಹೊತ್ತ್ ಆಫ್. ಹೊಸ ಗೇಟಿನೆದ್ರ್ ಮೀನ್ ನೀರ್ ಹರಿತ್ತ್ ಮಾರಾಯಾ. ಅವ್ಳ್ ಕಾರಿಗ್ ಹೊಡುದ್ ಅಂತ ಕಂಪ್ಲೇಂಟ್ ಕೊಟ್ಟಿದ್ದೆ. ಈಗ ಪುರಸಭೆಯವ್ರ್ ಬತ್ರ್. ಅಲಾರಾಂ ಸರಿ ಇತ್ತ್, ಇವ್ಳೇ ಕಾರಿಗ್ ಹೊಡುದ್ ಅಂತ ನೀ ಒಂದ್ ಮಾತ್ ಹೇಳ್. ಅವ್ರೇ ಎಬ್ಸ್ತ್ರ್."

"ಅದಾತಿಲ್ಲ. ಅವ್ರ್ ಕೇಂಡ್ರೆ ಸ್ಕ್ರೂ ವಿಷ್ಯನೂ ಹೇಳ್ತೆ."

"ಹೇಳ್!" ಗೋವರ್ಧನನ ಸ್ವರ ಏರಿತು. "ಸ್ಕ್ರೂ ಅಂದ್ರೆ ಅವ್ರಿಗೆಂತ ಗೊತ್ತಾತ್ತ್? ಈ ಕೇರಿಯಗೆ ಅವ್ಳ್ ಪರ ಮಾತಾಡೂಕ್ ಯಾರಿದ್ರ್, ತೋರ್ಸ್ ಕಾಂಬ!"

ಕೇರಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಳಗೆ ಮಿಕ್ಸಿ, ಟಿ.ವಿ.ಗಳ ಸದ್ದು. ಗೋವರ್ಧನ ರತೀಶನನ್ನು ಹೊರಗೆಳೆದು ಬಾಗಿಲು ಹಾಕಿ ರಿಮೋಟ್ ಒತ್ತಿದ. ಗಾಜಿನ ಹಿಂದೆ ಕೆಂಪು ದೀಪ ಮಿಣುಕತೊಡಗಿತು.

ರಸ್ತೆಯ ಆಚೆ ಬದಿಯಲ್ಲಿದ್ದ ಬಾಗಿಗೆ ಕಂಪ್ಲೇಂಟಿನ ವಿಷಯವೂ ಕೊನೆಯ ಮಾತೂ ಸರಿಯಾಗಿ ಕೇಳಿಸಿದ್ದವು. ಅವಳು ಬುಟ್ಟಿಯೊಂದಿಗೆ ಈಚೆ ಬಂದು, ಅದನ್ನು ತನ್ನ ಜಾಗದಲ್ಲಿಟ್ಟು, ಮೇಲಿನ ಮೀನುಗಳನ್ನು ಸರಿಪಡಿಸಿದಳು. ಬುಟ್ಟಿ ಇಟ್ಟ ಅದುರಿಗೇ ಕಾರು ಕೂಗಲು ಶುರುಮಾಡಿ, ರಿಮೋಟ್ ಒತ್ತಿದಾಗ ಗಂಟಲು ಹಿಚುಕಿದಂತೆ ನಿಂತಿತು. ಬಾಗಿ ನೆಟ್ಟಗೆ ಕಾರಿನ ಮುಂದೆ ಹೋಗಿ ನಿಂತಳು.

"ಏ, ಎಂತ ಮಾಡ್ತ್ಯಾ?" ಎಂದ ಗೋವರ್ಧನ.

"ನೀವ್ ಕಂಪ್ಲೇಂಟ್ ಕೊಟ್ರಿ ಅಲ್ದಾ, ಅದನ್ನೇ ಮಾಡ್ತೆ. ಸುಳ್ಳಾಪುದ್ ಬ್ಯಾಡ" ಎಂದವಳೇ ಒದ್ದೆ ಅಂಗೈಯಿಂದ ಬಾನೆಟ್ಟಿಗೆ ಒಂದು ಬಿಟ್ಟಳು.

ಕಾರು ಇಡೀ ಕೇರಿಗೆ ಕೇಳುವಂತೆ ಬೊಬ್ಬಿಟ್ಟಿತು. ಪುರಸಭೆಯವರಿಗೂ ಕೇಳಲಿ ಎಂದು ಗೋವರ್ಧನ ಈ ಸಲ ಅದನ್ನು ನಿಲ್ಲಿಸಲಿಲ್ಲ. ಮೊದಲು ತೆರೆದದ್ದು ಗೋವರ್ಧನನ ಮನೆಯದೇ ಬಾಗಿಲು. ಅವನ ಹೆಂಡತಿ ಕುಸುಮ ಪಾತ್ರೆ ಹಿಡಿದುಕೊಂಡು ಬಂದಳು. "ಬಾಗಿ, ಬಂಗ್ಡಿ ಮೀನ್ ಇತ್ತಾ ಇವತ್ತ್?" ಎದುರು ಮನೆಯ ಚಂದ್ರಮತಿ ಕೈ ಒರೆಸಿಕೊಳ್ಳುತ್ತ ಇಳಿದಳು. ಅವಳ ಹಿಂದೆ ಸುಗುಣ, ಮೂಲೆಮನೆಯ ಅಜ್ಜಿ, ಮಗುವನ್ನು ಸೊಂಟದಲ್ಲಿ ಹೊತ್ತ ಸೌಜನ್ಯ. ಎಲ್ಲರ ಕೈಯಲ್ಲೂ ಪಾತ್ರೆ.

ರತೀಶನಿಗೆ ಅರ್ಥವಾಗಲಿಲ್ಲ. "ಎಲ್ರಿಗೂ ಒಟ್ಟಿಗೇ ಹ್ಯಾಂಗ್ ಗೊತ್ತಾಯ್ತ್?"

"ಮಿಕ್ಸಿ ಗಲಾಟಿಯಗೆ ಇವ್ಳ್ ಕೂಗುದ್ ಎಲ್ ಕೇಣತ್ತ್?" ಎಂದಳು ಚಂದ್ರಮತಿ. "ಈ ವಾರ ಕಾರ್ ಕೂಗಿದ್ರೆ ಮೀನ್ ಬಂತ್ ಅಂತ್ಲೇ ಲೆಕ್ಕ. ಈಗ್ಳ್ ಕಾರೇ ಕರಿತ್ತಲೆ."

ಹೆಂಗಸರು ಬುಟ್ಟಿಯ ಸುತ್ತ ಮುತ್ತಿಕೊಂಡರು. ಅಷ್ಟರಲ್ಲಿ ಕೇರಿಯ ತುದಿಯಲ್ಲಿ ಪುರಸಭೆಯ ಜೀಪು ತಿರುಗಿತು. ಗೋವರ್ಧನ ಗಡಿಬಿಡಿಯಲ್ಲಿ ರಿಮೋಟ್ ಒತ್ತಿದ. ಸದ್ದು ನಿಂತಿತು.

"ಎಂತಕ್ಕ್ ನಿಲ್ಸಿದ್ರಿ, ಗೋವರ್ಧನಣ್ಣ?" ಬಾಗಿ ಕೈ ಎತ್ತಿದಳು. "ನನ್ ಪರ ಮಾತಾಡುವವ್ರ್ ಆಚೆ ಕೇರಿಯಗೂ ಇದ್ರ್. ಅವ್ರಿಗಿನ್ನೂ ಕೇಂಡಿಲ್ಲ."

ಬಾನೆಟ್ಟಿನ ಮೇಲೆ ಮೀನಿನ ಹುರುಪೆ ಅಂಟಿ ಹೊಳೆಯುತ್ತಿದ್ದ ಐದು ಬೆರಳುಗಳ ಅಚ್ಚಿನ ಪಕ್ಕದಲ್ಲಿ ಇನ್ನೂ ಐದು ಬೆರಳು ಬಿದ್ದವು.