ಟಬ್ಬಿಗೊಂದು ಭಾರ

ಮಾರ್ಲಿಸ್ ಕೊಳಾಯಿ ನಿಲ್ಲಿಸಿದ ಮೇಲೂ ಸ್ನಾನದ ಟಬ್ಬಿನ ನೀರು ಏರಿತು. ನೀರು ಇಳಿಯದಂತೆ ಹಚ್ಚಿದ್ದ ಹಳೆಯ ಸಿಲಿಕೋನ್ ಅಂಟನ್ನು ಕೆರೆದು ತೆಗೆದಿದ್ದ, ಟಬ್ಬಿಗೂ ಗೋಡೆಗೂ ನಡುವಿನ ಸಂದು ಅವಳು ನೋಡುತ್ತಿದ್ದಂತೆಯೇ ಇನ್ನಷ್ಟು ಅಗಲವಾಯಿತು.

"ಟಬ್ ತುಂಬಿಸ್ಕೊಂಡು ಸಿಲಿಕೋನ್ ಹಚ್ಚಿ ಅತ್ತಿಗೆ, ಭಾರಕ್ಕೆ ಸಂದು ಪೂರ್ತಿ ಬಾಯಿ ಬಿಡುತ್ತೆ," ಎಂದು ನಾದಿನಿ ಸಿಗ್ನಿ ಬೆಳಿಗ್ಗೆ ಡುಲುತ್‌ನಿಂದ ಫೋನಿನಲ್ಲಿ ಹೇಳಿದ್ದಳು. "ಇನ್ಮೇಲೆ ಅದ್ರಲ್ಲಿ ಕೂರೋಕೆ ನಮ್ಮಣ್ಣ ಇಲ್ವಲ್ಲ." ಮೂವತ್ತು ವರ್ಷ, ಸಿಲಿಕೋನ್ ಹಚ್ಚುವಾಗಲೆಲ್ಲ ಗಂಡ ಆರ್ವಿಡ್ ಭಾರಕ್ಕೆಂದು ಬೂಟು ಬಿಚ್ಚಿ, ಪೇಪರ್ ಹಿಡಿದು ಖಾಲಿ ಟಬ್ಬಿನಲ್ಲಿ ಕೂರುತ್ತಿದ್ದ, ಹಚ್ಚುವುದು ಅವಳ ಕೆಲಸ. ಅವನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು.

ನೀರು ಅಂಚು ಮೀರಿ ಅವಳ ಮೊಣಕಾಲು ತೋಯಿಸಿತು. ಅವಳು ತುಂಬಿಸಿದ್ದು ತಣ್ಣೀರು, ಇದು ಬೆಚ್ಚಗಿತ್ತು. ಓಡಲು ಎದ್ದವಳು ಬಾಗಿಲಲ್ಲೇ ನಿಂತಳು. ಆಮೇಲೆ ಮರಳಿ ಬಂದು ಮಂಡಿಯೂರಿ, ಸಿಲಿಕೋನ್ ಕೊಳವೆಯ ಮೂತಿಯನ್ನು ಸಂದಿಗೆ ಹಿಡಿದಳು.

"ಒಣಗೋವರೆಗೂ ಅಲ್ಲಾಡ್ಬೇಡ ಮಾರಾಯ," ಎಂದಳು.